ಅಣ್ಣ ಕೇಳಿದ ತೆರೆದ ಕಾರು

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಮಾತಾಡುವುದು ನಮ್ಮ ಮನೆಯ ಹಳೇ ಕಾಯಿಲೆ, ಈಗ ಹೇಳಹೊರಟಿರುವುದೂ ಆ ಕಾಯಿಲೆಯಿಂದ ಆದ ಅನಾಹುತವನ್ನೇ.

ನಮ್ಮದು ಹಳೆಯ ಕಾರುಗಳನ್ನು ಹೊಸದು ಮಾಡುವ ಶೆಡ್ಡು. ನಡುವೆ ಎದೆಯೆತ್ತರದ ಒಂದು ಗೋಡೆ. ಗೋಡೆಯ ಆ ಕಡೆ ನನ್ನ ಅಣ್ಣ ತಗಡು ಬಡಿಯುತ್ತಿದ್ದ. ಜಜ್ಜಿಹೋದ ಬಾಗಿಲು, ತುಕ್ಕು ತಿಂದ ಛಾವಣಿ, ಮಡಚಿಕೊಂಡ ಮಡ್ಗಾರ್ಡು ಎಲ್ಲ ಅವನ ಪಾಲು. ಈ ಕಡೆ ನನ್ನ ಹೊಲಿಗೆ ಯಂತ್ರ. ಸೀಟು, ಒಳಹೊದಿಕೆ, ತೆರೆದ ಕಾರುಗಳ ಮೇಲೆ ಎಳೆಯುವ ಕ್ಯಾನ್ವಾಸ್ ಹುಡ್ಡು, ಇವೆಲ್ಲ ನನ್ನವು. ಗಿರಾಕಿಗಳು ಅವನನ್ನು ಸುತ್ತಿಗೆ ಅಂತಲೂ ನನ್ನನ್ನು ಸೂಜಿ ಅಂತಲೂ ಕರೆಯುತ್ತಿದ್ದರು. ಅವನ ಬಡಿತ ತಗಡಿಗಷ್ಟೇ ಮೀಸಲಾಗಿತ್ತು. ನನ್ನ ಚುಚ್ಚುವಿಕೆ ಬಟ್ಟೆಗಷ್ಟೇ ಮೀಸಲಾಗಿರಲಿಲ್ಲ.

ಶೆಡ್ಡು ಕಟ್ಟಿದವರು ನಮ್ಮ ಅಪ್ಪ. ಕೆಲಸದ ಜೊತೆಗೆ ಅವರು ನಮಗೊಂದು ಕಟ್ಟಳೆಯನ್ನೂ ಕಲಿಸಿಹೋಗಿದ್ದರು. ಗಿರಾಕಿ ಸಲಹೆ ಕೇಳಿದರೆ, ನಮ್ಮ ಕೈಗೆ ಕೆಲಸ ಬರುವ ಕಡೆಗೆ ನಾವು ವಾಲಬಾರದು. ಹುಡ್ಡು ಹೊಲಿಯುವ ನಾನು ತಗಡಿನ ಛಾವಣಿಯ ಪರ ಮಾತಾಡಬೇಕು. ತಗಡು ಬಡಿಯುವ ಅಣ್ಣ ಬಟ್ಟೆಯ ಹುಡ್ಡಿನ ಪರ ಮಾತಾಡಬೇಕು. ಗಿರಾಕಿ ಎರಡನ್ನೂ ಕೇಳಿಸಿಕೊಂಡು ತನಗೆ ಬೇಕಾದ್ದನ್ನು ಆರಿಸಿಕೊಳ್ಳಬೇಕು. ನಲವತ್ತು ವರ್ಷ ನಾವು ಹೀಗೇ ಮಾಡಿದೆವು. "ನಿಮ್ಮ ಹೊಟ್ಟೆ ಮೇಲೆ ನೀವೇ ಹೊಡ್ಕೊಳ್ತೀರಲ್ಲ, ಎಂಥಾ ಜನಾನಪ್ಪಾ ನೀವು" ಎಂದು ಗಿರಾಕಿಗಳು ನಗುತ್ತಿದ್ದರು. ನಕ್ಕು, ಮುಂದಿನ ಕಾರನ್ನೂ ನಮ್ಮಲ್ಲಿಗೇ ತರುತ್ತಿದ್ದರು.

ಆ ಕಟ್ಟಳೆ ಶೆಡ್ಡಿನಲ್ಲೇ ಬಿದ್ದಿದ್ದರೆ ಚೆನ್ನಾಗಿತ್ತು. ಅದು ನಮ್ಮ ಬೆನ್ನು ಹತ್ತಿ ಮನೆಯೊಳಕ್ಕೂ ಬಂತು. ಕಿಟಕಿ ಪಕ್ಕದ ಕುರ್ಚಿ ಯಾರಿಗೆ ಬೇಕೋ ಅವನೇ "ಅಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತೆ, ನೀನು ಕೂತ್ಕೋ" ಅನ್ನುತ್ತಿದ್ದ. ತಟ್ಟೆಯಲ್ಲಿ ಉಳಿದ ಕೊನೆಯ ತುಂಡು ಇಬ್ಬರ ಮರ್ಯಾದೆಗೆ ಸಿಕ್ಕಿ ಅಲ್ಲೇ ಒಣಗುತ್ತಿತ್ತು. ನಾನು ಮದುವೆಯಾದವನಲ್ಲ, ಶೆಡ್ಡಿನ ಮೇಲಿನ ಕೋಣೆಯಲ್ಲಿ ಇರುವವನು. ಎರಡು ಬೀದಿ ಆಚೆಯ ಅಣ್ಣನ ಮನೆಯಲ್ಲಿ ನನ್ನ ಮಧ್ಯಾಹ್ನದ ಊಟ. ಅತ್ತಿಗೆ ಬಡಿಸುತ್ತಾ ತಲೆ ಚಚ್ಚಿಕೊಳ್ಳುತ್ತಿದ್ದರು. "ನಿಮ್ಮಿಬ್ಬರಿಗೆ ಏನು ಬೇಕು ಅಂತ ತಿಳ್ಕೊಳ್ಳೋಕೆ ನಾನೊಬ್ಬ ದುಭಾಷಿ ಇಟ್ಕೋಬೇಕು. ಬಾಯಿ ಬಿಟ್ಟು ಹೇಳಿದ್ರೆ ಮುತ್ತು ಉದುರುತ್ತಾ?"

ಮೂರು ವರ್ಷದ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ಒಬ್ಬ ಟೀಚರಮ್ಮ ನಮ್ಮನ್ನು ಮನೆಗೆ ಕರೆಸಿದರು. ಅವರ ತಂದೆ ತೀರಿಕೊಂಡು ವರ್ಷವಾಗಿತ್ತು. ಮನೆಯ ಹಿಂದಿನ ಗ್ಯಾರೇಜಿನಲ್ಲಿ ಆ ಹಿರಿಯರು ಬಿಟ್ಟುಹೋದ ಎರಡು ಕಾರುಗಳಿದ್ದವು. ಒಂದೇ ಮಾದರಿ, ಒಂದೇ ಕಡುಹಸಿರು ಬಣ್ಣ. ಉದ್ದ ಮೂತಿಯ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಅಪ್ಪನ ಕಾಲದಲ್ಲಿ ಅದು ರಸ್ತೆಯಲ್ಲಿ ಬಂದರೆ ಜನ ಅಂಗಡಿಯಿಂದ ಹೊರಗೆ ಬಂದು ನೋಡುತ್ತಿದ್ದರಂತೆ. ಎರಡಕ್ಕೂ ವ್ಯತ್ಯಾಸ ಒಂದೇ. ಒಂದು ಕೂಪೆ, ತಗಡಿನ ಛಾವಣಿಯೊಂದಿಗೇ ಹುಟ್ಟಿದ್ದು. ಇನ್ನೊಂದು ಕನ್ವರ್ಟಿಬಲ್, ಬಟ್ಟೆಯ ಹುಡ್ಡನ್ನು ಹಿಂದಕ್ಕೆ ಮಡಚಿಟ್ಟರೆ ಮೇಲೆ ಬರೀ ಆಕಾಶ. ಶೆಡ್ಡಿನ ಭಾಷೆಯಲ್ಲಿ ನಾವು ಮುಚ್ಚಿದ್ದು, ತೆರೆದದ್ದು ಅನ್ನುತ್ತೇವೆ.

ಈ ಸಲ ಗಿರಾಕಿಗಳು ನಾವೇ. ನಲವತ್ತು ವರ್ಷ ಊರವರ ಕಾರಿಗೆಲ್ಲ ಜೀವ ತುಂಬಿದ ಮೇಲೆ ನಮಗೂ ಒಂದಿರಲಿ ಅನ್ನಿಸಿತ್ತು. ಎರಡನ್ನೂ ತರಲು ನಮಗೆ ಶಕ್ತಿಯೂ ಇರಲಿಲ್ಲ, ಜಾಗವೂ ಇರಲಿಲ್ಲ. ಅಲ್ಲಿಗೆ ಒಬ್ಬ ಹಲ್ಲಿನ ಡಾಕ್ಟರೂ ಬಂದಿದ್ದರು. ಸಂಭಾವಿತ ಮನುಷ್ಯ. "ನೀವು ಬಲ್ಲವರು, ಮೊದಲು ನೀವು ಆರಿಸ್ಕೊಳ್ಳಿ. ಉಳಿದದ್ದು ಇವತ್ತೇ ನಾನು ತಗೊಂಡು ಹೋಗ್ತೀನಿ" ಎಂದು ಗೋಡೆಗೊರಗಿ ನಿಂತರು. ಹಾಗಾಗಿ ತೀರ್ಮಾನ ಅಲ್ಲೇ, ಆಗಲೇ ಆಗಬೇಕಿತ್ತು.

ನನಗೆ ಬೇಕಾಗಿದ್ದದ್ದು ತೆರೆದ ಕಾರು. ಅದರ ಹುಡ್ಡು ಚಿಂದಿಯಾಗಿತ್ತು. ಆದರೆ ಬಟ್ಟೆಯನ್ನು ಹೊರುವ ಕಮಾನು ಕಂಬಿಗಳು ಒಂದೂ ಬಾಗಿರಲಿಲ್ಲ. ನೋಡುತ್ತಿದ್ದ ಹಾಗೆ ನನ್ನ ತಲೆಯೊಳಗೆ ಅಳತೆ ಶುರುವಾಯಿತು. ಎಷ್ಟು ಗಜ ಕ್ಯಾನ್ವಾಸ್, ಎಲ್ಲಿ ಜೋಡಿ ಹೊಲಿಗೆ, ಹಿಂದಿನ ಕಿಟಕಿಗೆ ಯಾವ ಅಂಚು. ಇಡೀ ಜನ್ಮ ಬೇರೆಯವರ ತಲೆಯ ಮೇಲೆ ಹುಡ್ಡು ಹೊದಿಸಿದವನಿಗೆ ತನ್ನದೂ ಅಂತ ಒಂದು ಹೊಲಿಯುವ ಆಸೆ ಇರುವುದಿಲ್ಲವೇ? ಆದರೆ ಬಾಯಿ ಬಿಡುವ ಹಾಗಿರಲಿಲ್ಲ. ನನ್ನ ಕೈಗೆ ಕೆಲಸ ಬರುವ ಕಡೆಗೆ ನಾನು ವಾಲಬಾರದಲ್ಲ.

ಅಣ್ಣ ತೆರೆದ ಕಾರಿನ ಪರ ಮಾತಾಡತೊಡಗಿದ. ಅವನು ಸ್ವಭಾವತಃ ಮಿತಭಾಷಿ. ಅಂದು ಮಾತ್ರ ಅರ್ಧ ಗಂಟೆ ಬಿಡದೆ ಆಡಿದ.

"ಕಾರು ಅಂದ್ರೆ ಇದು ಕಣೋ. ಇದರಲ್ಲಿ ಕೂತು ಹೊರಟ್ರೆ ಗಾಳಿ ಮುಖಕ್ಕೆ ಬಡೀಬೇಕು, ಕಿವಿ ತುಂಬ ಗಾಳಿ ಇರ್ಬೇಕು. ಪಕ್ಕದಲ್ಲಿ ಕೂತೋರು ಕೂಗಿ ಮಾತಾಡ್ಬೇಕು. ಡಬ್ಬಿಯೊಳಗೆ ಕೂತ ಹಾಗೆ ಕೂತ್ಕೊಳ್ಳೋಕೆ ಸ್ಪೋರ್ಟ್ಸ್ ಕಾರು ಯಾಕೆ ಬೇಕು? ಅದಕ್ಕೆ ಬಸ್ಸಿಲ್ವಾ?"

ಹಲ್ಲಿನ ಡಾಕ್ಟರು ನಗುತ್ತಾ ತಲೆದೂಗಿದರು. ನಾನು ಒಳಗೊಳಗೇ ನಕ್ಕೆ. ಶುರುವಾಯಿತು ಇವನ ಕಟ್ಟಳೆ ಪಾಠ ಅಂದುಕೊಂಡೆ. ತಗಡಿನವನು ಬಟ್ಟೆಯನ್ನು ಹೊಗಳುವುದನ್ನು ನಲವತ್ತು ವರ್ಷದಿಂದ ಕೇಳಿದ್ದೇನೆ. ಇಂದು ಸ್ವಲ್ಪ ಜಾಸ್ತಿ ಉಪ್ಪು ಖಾರ ಹಚ್ಚಿದ್ದಾನೆ, ಅಷ್ಟೇ.

ನಾನೂ ಕಟ್ಟಳೆಯಂತೆ ಮುಚ್ಚಿದ್ದರ ಪರ ನಿಂತೆ. ತೆರೆದ ಕಾರು ಕೆಟ್ಟ ರಸ್ತೆಯಲ್ಲಿ ಮೈ ನಡುಗಿಸುತ್ತದೆ, ಬಾಗಿಲು ಗಡಗಡ ಅನ್ನುತ್ತದೆ, ಮಳೆ ಬಂದರೆ ಎಷ್ಟೇ ಚೆನ್ನಾಗಿ ಹೊಲಿದ ಹುಡ್ಡೂ ಎಲ್ಲಾದರೊಂದು ಕಡೆ ತೊಟ್ಟಿಕ್ಕುತ್ತದೆ. ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಮನಸ್ಸು ಮಾತ್ರ ಅದರಲ್ಲಿರಲಿಲ್ಲ.

ಆಗ ಅಣ್ಣ ಹೋಗಿ ಮುಚ್ಚಿದ ಕಾರಿನಲ್ಲಿ ಕೂತ. ಕೂರುವ ಮೊದಲು ಛಾವಣಿಯನ್ನು ಅಂಗೈಯಿಂದ ಸವರಿ, ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ತಲೆ ವಾರೆ ಮಾಡಿ ಕೇಳಿಸಿಕೊಂಡ. ಒಳಗೆ ಕೂತು ಎರಡೂ ಬಾಗಿಲು ಹಾಕಿಕೊಂಡ, ಗಾಜುಗಳನ್ನು ಪೂರ್ತಿ ಏರಿಸಿದ, ಕಣ್ಣು ಮುಚ್ಚಿದ. ಹಾಗೇ ಐದು ನಿಮಿಷ ಕೂತಿದ್ದ. ಹೊರಗೆ ಬಂದಾಗ ಅವನ ಮುಖ ಬೇರೆಯಾಗಿತ್ತು, ಕಣ್ಣು ತುಸು ಒದ್ದೆಯಾಗಿತ್ತು.

ಅಲ್ಲಿಗೆ ನನಗೆ ಎಲ್ಲ ತಿಳಿದುಹೋಯಿತು ಅಂದುಕೊಂಡೆ. ಓ, ಇವನ ಮನಸ್ಸು ಈ ಮುಚ್ಚಿದ ಕಾರಿಗೆ ಅಂಟಿಕೊಂಡಿದೆ. ತಗಡಿನ ಮೇಲೆ ಕೈಯಾಡಿಸಿದ್ದೇನು, ಕಣ್ಣು ಮುಚ್ಚಿ ಕೂತದ್ದೇನು! ತೆರೆದದ್ದನ್ನು ಹೊಗಳುತ್ತಿರುವುದು ಬರೀ ಕಟ್ಟಳೆ. ಮೇಲಾಗಿ ನನಗೆ ಹುಡ್ಡು ಹೊಲಿಯುವ ಖುಷಿ ಸಿಗಲಿ ಅಂತ ತನ್ನಾಸೆಯನ್ನು ನುಂಗಿಕೊಳ್ಳುತ್ತಿದ್ದಾನೆ. ನುಂಗಲು ಬಿಡಬಾರದು. ಒಡಹುಟ್ಟಿದವನು ನಾನು, ಅವನ ಮನಸ್ಸು ನನಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು? ಹೀಗೆ ನನ್ನ ಬೆನ್ನು ನಾನೇ ತಟ್ಟಿಕೊಂಡು ಒಂದು ಸುಳ್ಳು ಹೇಳಿದೆ.

"ಅಣ್ಣಾ, ನಿಜ ಹೇಳ್ಬೇಕು ಅಂದ್ರೆ ನನ್ನ ಬೆರಳು ಮೊದಲಿನ ಹಾಗಿಲ್ಲ. ದಪ್ಪ ಕ್ಯಾನ್ವಾಸಿಗೆ ಸೂಜಿ ಎಳೆದ್ರೆ ಮೊಣಕೈ ತನಕ ನೋವು ಹತ್ತುತ್ತೆ. ಇನ್ನೊಂದು ಹುಡ್ಡು ನನ್ನಿಂದ ಆಗಲ್ಲ."

ಅಣ್ಣ ನನ್ನ ಬಲಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದ. "ಯಾವಾಗಿಂದ?"

"ಆರು ತಿಂಗಳಾಯ್ತು."

"ಹೇಳಲೇ ಇಲ್ವಲ್ಲೋ."

"ಹೇಳೋ ಅಂಥದ್ದೇನಿದೆ ಅದರಲ್ಲಿ."

ಅವನು ತೆರೆದ ಕಾರಿನ ಕಡೆ ಒಮ್ಮೆ ನೋಡಿದ. "ಸರಿ ಹಾಗಾದ್ರೆ, ಮುಚ್ಚಿದ್ದೇ ಆಗ್ಲಿ" ಎಂದ. ಹಲ್ಲಿನ ಡಾಕ್ಟರು ತೆರೆದದ್ದನ್ನು ಅಂದೇ ಮಧ್ಯಾಹ್ನ ಲಾರಿಗೆ ಏರಿಸಿಕೊಂಡು ಹೋದರು. ಅಣ್ಣನಿಗಾಗಿ ಎಂಥ ತ್ಯಾಗ ಮಾಡಿದೆ ಅಂತ ನಾನು ವಾರವಿಡೀ ಎದೆಯುಬ್ಬಿಸಿಕೊಂಡು ತಿರುಗಿದೆ.

ಮುಚ್ಚಿದ ಕಾರು ಅಂದರೆ ತಗಡಿನ ಕೆಲಸ. ಛಾವಣಿಯ ಅಂಚು ಸುತ್ತಲೂ ತುಕ್ಕು ಹಿಡಿದಿತ್ತು, ಹಿಂದಿನ ಗಾಜಿನ ಕೆಳಗೆ ಕೈ ಇಟ್ಟರೆ ಪುಡಿ ಉದುರುತ್ತಿತ್ತು. ಗಿರಾಕಿಗಳ ಕೆಲಸ ಮುಗಿಸಿ, ದಿನಾ ಸಂಜೆ ಎರಡು ಗಂಟೆ, ಎಂಟು ತಿಂಗಳು ಅಣ್ಣ ಆ ಕಾರಿನ ಛಾವಣಿ ಬಡಿದ. ಕೆಲವೊಮ್ಮೆ ಕಾರಿನೊಳಗೇ ಅಂಗಾತ ಮಲಗಿ, ಮುಖದ ಮೇಲೆ ಗೇಣು ದೂರದಲ್ಲಿರುವ ತಗಡನ್ನು ಒಳಗಿನಿಂದ ತಟ್ಟುತ್ತಿದ್ದ. ಹೊರಗೆ ನಿಂತ ನನಗೇ ಕಿವಿ ಗುಂಯ್ ಅನ್ನುತ್ತಿತ್ತು. ಕಿವಿಗೆ ಹತ್ತಿ ಇಟ್ಟುಕೊಳ್ಳುವುದು ನಮ್ಮ ಕಸುಬಿನವರಿಗೆ ಅವಮಾನ. ತಗಡು ಸರಿಯಾಗಿ ಕೂತಿತೋ ಇಲ್ಲವೋ ಎಂಬುದನ್ನು ಕಿವಿಯೇ ಹೇಳಬೇಕು ಅನ್ನುತ್ತಿದ್ದರು ಅಪ್ಪ.

ತಗಡಿನ ಇನ್ನೊಂದು ತುದಿ ಹಿಡಿಯಲು ನಾನು ಹೋದರೆ ಬೈಯುತ್ತಿದ್ದ. "ಬೆರಳು ಜೋಪಾನ. ಅತ್ಲಾಗೆ ಕೂತ್ಕೋ ಹೋಗು." ನನಗೆ ನಾಚಿಕೆಯಾಗುತ್ತಿತ್ತು. ಹೇಳಿದ ಸುಳ್ಳನ್ನು ಸಾಕಬೇಕಲ್ಲ, ಅವನು ನೋಡುವಾಗ ಬೆರಳು ನೀವಿಕೊಳ್ಳುತ್ತಿದ್ದೆ. ಒಂದು ದಿನ ಅತ್ತಿಗೆ ನೋವಿನ ಎಣ್ಣೆಯ ಸೀಸೆ ಕಳಿಸಿಕೊಟ್ಟರು. ಅದನ್ನು ಹೊಲಿಗೆ ಯಂತ್ರದ ಕೀಲುಗಳಿಗೆ ಬಿಟ್ಟುಕೊಂಡೆ.

ಕಾರು ಮುಗಿದ ದಿನ ಅದು ಹೊಳೆಯುತ್ತಿತ್ತು. ಅಷ್ಟು ಒಳ್ಳೆಯ ತಗಡಿನ ಕೆಲಸವನ್ನು ನಾನು ಮತ್ತೆಲ್ಲೂ ನೋಡಿಲ್ಲ. ಮೊದಲ ಸಲ ಅಣ್ಣ ಓಡಿಸಿದ, ನಾನು ಪಕ್ಕದಲ್ಲಿ. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಅವನು ಎರಡೂ ಕಿಟಕಿ ಇಳಿಸಿದ. ರಸ್ತೆ ಕೆಲಸ ನಡೆಯುತ್ತಿದ್ದ ಜಾಗ ಅದು. ನಾನು ಹೊಸದಾಗಿ ಹೊಲಿದ ತಿಳಿ ಬಣ್ಣದ ಸೀಟಿನ ಮೇಲೆ ಧೂಳು ಹಿಟ್ಟಿನ ಹಾಗೆ ಬಂದು ಕೂತಿತು.

"ಕಿಟಕಿ ಏರಿಸೋ ಮಾರಾಯ" ಎಂದೆ. ಅವನು ಉತ್ತರ ಕೊಡಲಿಲ್ಲ. ಇನ್ನೊಮ್ಮೆ ಹೇಳಿದೆ. ಅದಕ್ಕೂ ಇಲ್ಲ. ಮೂರನೇ ಸಲ ನಾನೇ ಬಗ್ಗಿ ಅವನ ಕಡೆಯ ಗಾಜನ್ನು ಏರಿಸತೊಡಗಿದೆ. ಅವನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಕೀಲಿ ನನ್ನ ಕೈಗೆ ಕೊಟ್ಟು, "ನೀನೇ ಓಡಿಸು" ಎಂದು ಇಳಿದ. ನಾನು ಕರೆದರೂ ಬರಲಿಲ್ಲ. ಮನೆಗೆ ನಡೆದುಕೊಂಡು ಹೋದ. ಮಂಡಿನೋವಿನ ಮನುಷ್ಯ ನಾಲ್ಕು ಕಿಲೋಮೀಟರ್ ನಡೆದ.

ಆಮೇಲೆ ಇನ್ನೆರಡು ಸಲ ಕರೆದೆ. ಒಂದೊಂದು ಸಲ ಒಂದೊಂದು ನೆಪ. ನನಗೆ ಪಿತ್ತ ನೆತ್ತಿಗೇರಿತು. ಗೋಡೆಯ ಈಚೆಯಿಂದಲೇ ಕೂಗಿದೆ. "ನಿನಗೆ ಬೇಕು ಅಂತ ತಾನೆ ಅದನ್ನ ತಂದಿದ್ದು? ಈಗ ಮೂಸಿ ನೋಡ್ತಿಲ್ಲ. ನಿನ್ನಂಥ ಕೃತಘ್ನನಿಗೆ ಯಾವ ಕಾರೂ ಬೇಡ, ಎತ್ತಿನ ಗಾಡಿ ಸಾಕು." ಅವನು ತಲೆ ಎತ್ತಲಿಲ್ಲ, ಕೆಲಸ ಮಾಡುತ್ತಲೇ ಇದ್ದ. ದುರಹಂಕಾರ ಅಂದುಕೊಂಡೆ. ಆವತ್ತಿನಿಂದ ಮಧ್ಯಾಹ್ನ ಅವರ ಮನೆಗೆ ಊಟಕ್ಕೆ ಹೋಗುವುದನ್ನು ಬಿಟ್ಟೆ. ಕಾರಿಗೆ ಹೊದಿಕೆ ಹಾಕಿ ಶೆಡ್ಡಿನ ಮೂಲೆಗೆ ತಳ್ಳಿದೆ. ಎರಡು ವರ್ಷ ನಮ್ಮ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಆ ಎರಡು ವರ್ಷವನ್ನು ನೆನೆದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ಅತ್ತಿಗೆ ಶೆಡ್ಡಿಗೆ ಬಂದರು. ಅಣ್ಣ ಬಣ್ಣದ ಡಬ್ಬಿ ತರಲು ಹೋಗಿದ್ದ. ಅತ್ತಿಗೆ ನನ್ನ ಎದುರಿನ ಸ್ಟೂಲಿನ ಮೇಲೆ ಕೂತು ಉಸಿರು ಬಿಟ್ಟರು.

"ನೀನು ಮುನಿಸ್ಕೊಂಡಿದ್ದು ಸಾಕು. ನಾಳೆ ಅವರನ್ನ ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು, ನೀನೂ ಬಾ. ನಾನು ಕೂಗಿ ಕೂಗಿ ಸೋತೆ. ಬಾಗಿಲು ಬಡಿದ್ರೂ ಕೇಳಲ್ಲ, ಹಿಂದಿನಿಂದ ಕರೆದ್ರೂ ಕೇಳಲ್ಲ."

"ಕೇಳಲ್ವಾ, ಕೇಳಿಸ್ಕೊಳ್ಳಲ್ವಾ?" ಎಂದೆ ನಾನು. ನಾಲಿಗೆಗೆ ಅಭ್ಯಾಸವಾದ ಚುಚ್ಚು.

ಅತ್ತಿಗೆ ನನ್ನನ್ನು ನೋಡಿದ ರೀತಿಗೆ ನಾನು ಸೂಜಿ ಕೆಳಗಿಟ್ಟೆ. "ರೇಡಿಯೋ ಇಟ್ಕೊಂಡು ಮಲಗ್ತಾರೆ ಕಣಪ್ಪಾ. ಹಾಡಲ್ಲ, ಸುದ್ದಿಯಲ್ಲ. ಎರಡು ಸ್ಟೇಷನ್ ನಡುವೆ ಮುಳ್ಳು ನಿಲ್ಲಿಸಿ, ಆ ಕೊರ್ ಅನ್ನೋ ಶಬ್ದ ದಿಂಬಿನ ಪಕ್ಕ ಹಾಕ್ಕೊಂಡು ಮಲಗ್ತಾರೆ. ಯಾಕೆ ಅಂದ್ರೆ ಹೇಳಲ್ಲ. ನಿಮ್ಮ ವಂಶಾನೇ ಹಾಗೆ."

ಮರುದಿನ ಮೂವರೂ ಹೋದೆವು. ಕಿವಿಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಆದರೆ ಮಾತು ನೇರ. ಅಣ್ಣನನ್ನು ಒಂದು ಪುಟ್ಟ ಕೋಣೆಯೊಳಗೆ ಕೂರಿಸಿದರು. ಗೋಡೆಗೆಲ್ಲ ಮೆತ್ತೆ ಹೊಡೆದಿದ್ದರು, ಒಂದು ಗಾಜಿನ ಕಿಂಡಿ. ಅವನ ಕಿವಿಗೆ ಹೆಡ್‌ಫೋನ್ ಹಾಕಿ, ಸಣ್ಣ ಸಿಳ್ಳೆಯಂಥ ಶಬ್ದ ಕೇಳಿಸಿದಾಗಲೆಲ್ಲ ಕೈ ಎತ್ತಬೇಕು ಅಂದರು. ಅಣ್ಣ ಕೈ ಎತ್ತುತ್ತಲೇ ಇದ್ದ. ಡಾಕ್ಟರಮ್ಮ ಗುಂಡಿ ಒತ್ತದೆ ಕೈಕಟ್ಟಿ ಕೂತಾಗಲೂ ಎತ್ತುತ್ತಿದ್ದ. ನಾನು ಗಾಜಿನಾಚೆಯಿಂದ ನೋಡುತ್ತಿದ್ದೆ.

ಹೊರಗೆ ಕರೆತಂದು ಎದುರಿಗೆ ಕೂರಿಸಿಕೊಂಡು ಅವರು ಗಟ್ಟಿಯಾಗಿ ಕೇಳಿದರು. "ಶಬ್ದ ಇಲ್ಲದಾಗಲೂ ಕೈ ಎತ್ತಿದ್ರಲ್ಲ, ಯಾಕೆ?"

"ಯಾವುದು ನಿಮ್ಮದು, ಯಾವುದು ನನ್ನದು ಗೊತ್ತಾಗ್ಲಿಲ್ಲಮ್ಮ" ಎಂದ ಅಣ್ಣ. "ನನ್ನ ಕಿವಿಯೊಳಗೆ ಒಂದು ಸಿಳ್ಳೆ ಇದೆ. ನಿಲ್ಲೋದೇ ಇಲ್ಲ."

"ಎಷ್ಟು ದಿನದಿಂದ?"

"ಹದಿನೇಳು ವರ್ಷ."

ಅತ್ತಿಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ಹದಿನೇಳು ವರ್ಷ ಹೇಗೆ ತಡ್ಕೊಂಡ್ರಿ?"

ಆ ಡಾಕ್ಟರಮ್ಮನಿಗೆ ಅಣ್ಣನ ಉತ್ತರದಿಂದ ಆಗಬೇಕಾದ್ದು ಏನೂ ಇರಲಿಲ್ಲ. ಹಾಗಾಗಿಯೇ ಇರಬೇಕು, ಅವನು ಸುತ್ತಿ ಬಳಸಲಿಲ್ಲ. ಕಿವುಡರ ದೊಡ್ಡ ದನಿಯಲ್ಲಿ, ನಾನು ಬೆನ್ನ ಹಿಂದೆ ನಿಂತಿರುವುದನ್ನು ಮರೆತು ಹೇಳಿದ.

"ಕೆಲಸದಲ್ಲಿದ್ರೆ ಗೊತ್ತಾಗಲ್ಲ. ಗಾಳಿಯಲ್ಲಿದ್ರೆ ಅದು ಮುಚ್ಚಿಹೋಗುತ್ತೆ. ಮೊದಲು ಬೈಕಿನಲ್ಲಿ ದಿನಾ ಒಂದು ಸುತ್ತು ಹೋಗ್ತಿದ್ದೆ, ಆ ಅರ್ಧ ಗಂಟೆ ತಲೆ ಖಾಲಿ ಇರ್ತಿತ್ತು. ಮಂಡಿ ಹೋದ ಮೇಲೆ ಬೈಕು ಬಿಟ್ಟೆ. ತೆರೆದ ಕಾರು ಒಂದಿದ್ರೆ ಆಗ್ತಿತ್ತು ಅಂತಿದ್ದೆ. ಸಿಗಲಿಲ್ಲ. ಗಾಜು ಮುಚ್ಚಿದ ಕಾರಿನಲ್ಲಂತೂ ಕೂರೋಕಾಗಲ್ಲಮ್ಮ, ಅದರೊಳಗೆ ನಾನು, ಆ ಸಿಳ್ಳೆ, ಇಬ್ಬರೇ."

ಐದು ನಿಮಿಷ ಗಾಜು ಏರಿಸಿ ಕಣ್ಣು ಮುಚ್ಚಿ ಕೂತಿದ್ದನಲ್ಲ, ಆಗ ಅವನು ಆ ಕಾರನ್ನು ಪ್ರೀತಿಸುತ್ತಿರಲಿಲ್ಲ. ತನ್ನಿಂದ ತಡೆದುಕೊಳ್ಳಲಾದೀತೇ ಎಂದು ಪರೀಕ್ಷೆ ಮಾಡಿಕೊಳ್ಳುತ್ತಿದ್ದ. ಆಗುವುದಿಲ್ಲ ಎಂದು ತಿಳಿದುಕೊಂಡು ಹೊರಗೆ ಬಂದಿದ್ದ. ಆಗ ನಾನು ಬೆರಳು ಚಾಚಿ ನೋವು ಅಂದಿದ್ದೆ.

ಅವನನ್ನು ಅತ್ತಿಗೆ ಹೊರಗೆ ಕೂರಿಸಿದ ಮೇಲೆ ನಾನು ಡಾಕ್ಟರಮ್ಮನನ್ನು ಕೇಳಿದೆ. ಮೂರು ವರ್ಷದ ಹಿಂದೆ ಎಂಟು ತಿಂಗಳು, ಮುಚ್ಚಿದ ಜಾಗದಲ್ಲಿ ತಗಡು ಬಡಿದಿದ್ದಕ್ಕೆ ಹೀಗಾಯಿತೇ? ಅವರು ಮೆದುವಾಗಿ, "ಇದು ನಲವತ್ತು ವರ್ಷದ ಪೆಟ್ಟು, ಒಂದು ಕಾರಿನದ್ದು ಅಂತ ಹೇಳೋಕಾಗಲ್ಲ" ಎಂದರು. "ಆದ್ರೆ ಕೆಟ್ಟಿರೋ ಕಿವಿಗೆ ಅದರಿಂದ ಒಳ್ಳೇದಂತೂ ಆಗಿಲ್ಲ." ಅವರು ನನ್ನನ್ನು ಸಮಾಧಾನ ಮಾಡಲು ಮೊದಲ ಮಾತು ಹೇಳಿದರು. ನನಗೆ ಎರಡನೆಯದೇ ಉಳಿಯಿತು. ಅಣ್ಣನಿಗೆ ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಟ್ಟರು, ತಗಡಿನ ಕೆಲಸ ಇನ್ನು ಮುಟ್ಟಬಾರದು ಅಂದರು.

ಆ ಸಂಜೆಯೇ ಹಲ್ಲಿನ ಡಾಕ್ಟರ ಮನೆ ಹುಡುಕಿಕೊಂಡು ಹೋದೆ. ತೆರೆದ ಕಾರು ಅವರ ಅಂಗಳದಲ್ಲಿ ನಿಂತಿತ್ತು, ಯಾರೋ ಬೇರೆಯವರು ಹೊಲಿದ ಹುಡ್ಡು ಹೊದ್ದುಕೊಂಡು. ಹೊಲಿಗೆ ಅಲ್ಲಲ್ಲಿ ವಾರೆಯಾಗಿತ್ತು. ನಾನು ಬಂದ ಕಾರಣವನ್ನು ತೊದಲುತ್ತಾ ಹೇಳಿದೆ. ನಮ್ಮ ಕಾರು ನಿಮಗೆ, ಇದು ನಮಗೆ, ಮೇಲೆ ಏನು ಬೇಕಾದರೂ ಹೊಲಿದುಕೊಡುತ್ತೇನೆ ಅಂದೆ.

ಡಾಕ್ಟರು ಕಾರಿನ ಹುಡ್ಡಿನ ಮೇಲೆ ಕೈಯಿಟ್ಟು ಹೇಳಿದರು. "ಅವತ್ತು ನಿಮ್ಮಣ್ಣ ಮಾತಾಡಿದ್ದು ಕೇಳಿಯೇ ನನಗೆ ಇದರ ಮೇಲೆ ಆಸೆ ಹುಟ್ಟಿದ್ದು. ಇದು ಅವರಿಗೆ ಹೋಗುತ್ತೆ ಅಂತಲೇ ನಾನು ಅಂದ್ಕೊಂಡಿದ್ದೆ. ಅಷ್ಟು ಆಸೆ ಪಟ್ಟವರು ಬಿಟ್ಟುಕೊಟ್ರಲ್ಲ ಅಂತ ಆಶ್ಚರ್ಯ ಆಗಿತ್ತು. ಪಕ್ಕದಲ್ಲಿ ನಿಂತ ನನಗೇ ಗೊತ್ತಾಯ್ತು, ನಿಮಗೆ ಗೊತ್ತಾಗ್ಲಿಲ್ವಾ?"

ಅವರಿಗೆ ನಮ್ಮ ಕಟ್ಟಳೆ ಗೊತ್ತಿರಲಿಲ್ಲ. ಅದಕ್ಕೇ ಕಿವಿಗೆ ಬಿದ್ದ ಮಾತು ಬಿದ್ದ ಹಾಗೇ ಅರ್ಥವಾಗಿತ್ತು.

"ಅದಲುಬದಲು ಆಮೇಲೆ ನೋಡೋಣ. ಮೊದಲು ಒಂದು ದಿನ ತಗೊಂಡು ಹೋಗಿ, ಅವರನ್ನ ಕೂರಿಸ್ಕೊಂಡು ಸುತ್ತಿ ಬನ್ನಿ" ಎಂದು ಕೀಲಿ ಕೊಟ್ಟರು.

ಭಾನುವಾರ ಬೆಳಿಗ್ಗೆ ಹುಡ್ಡು ಮಡಚಿಟ್ಟುಕೊಂಡು ಅಣ್ಣನ ಮನೆ ಮುಂದೆ ನಿಲ್ಲಿಸಿದೆ. ಅವನು ಬಾಗಿಲಲ್ಲಿ ನಿಂತು ಕಾರನ್ನೂ ನನ್ನನ್ನೂ ನೋಡಿದ. ಒಳಗೆ ಹೋಗಿ ತಲೆ ಬಾಚಿಕೊಂಡು ಬಂದ. ಗಾಳಿಗೆ ಕೆದರಲಿರುವ ತಲೆಯನ್ನು ಬಾಚಿಕೊಂಡು ಬಂದದ್ದು ನೋಡಿ ಅತ್ತಿಗೆ ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಊರು ದಾಟಿ, ಎರಡೂ ಕಡೆ ಬಯಲಿರುವ ನೇರ ರಸ್ತೆ ಹಿಡಿದೆ. ವೇಗ ಏರುತ್ತಿದ್ದ ಹಾಗೆ ಅಣ್ಣ ಮುಖ ಸಿಂಡರಿಸಿ ಕಿವಿಯ ಯಂತ್ರ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. "ಇದು ಇದ್ರೆ ಗಾಳಿ ಗರಗಸದ ಹಾಗೆ ಕೊಯ್ಯುತ್ತೆ" ಎಂದ. ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದ. ನಾನು ಅರವತ್ತಕ್ಕೆ ಏರಿಸಿದೆ, ಎಪ್ಪತ್ತು, ಎಂಬತ್ತು. ಗಾಳಿ ಎಷ್ಟು ಜೋರಾಗಿತ್ತೆಂದರೆ ಇಂಜಿನ್ನಿನ ಶಬ್ದವೇ ನನಗೆ ಕೇಳುತ್ತಿರಲಿಲ್ಲ. ರಸ್ತೆ ನೋಡುವುದಕ್ಕಿಂತ ಹೆಚ್ಚಾಗಿ ಅವನ ಮುಖ ನೋಡುತ್ತಿದ್ದೆ. ಸಿಳ್ಳೆ ಮುಚ್ಚಿಹೋಗಲಿ, ಒಂದೇ ಒಂದು ನಿಮಿಷ ಮುಚ್ಚಿಹೋಗಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಅವನು ಕಣ್ಣು ತೆರೆದ. ತಲೆ ಅಡ್ಡಡ್ಡ ಆಡಿಸಿದ. ನಾನು ಗಾಡಿ ನಿಧಾನ ಮಾಡಿ ರಸ್ತೆ ಬದಿಗೆ ತಂದು ನಿಲ್ಲಿಸಿದೆ.

"ಗಾಳಿ ಮುಖಕ್ಕೆ ಬಡೀತಿದೆ ಕಣೋ. ಚೆನ್ನಾಗಿದೆ. ಕಿವಿಗೆ ಮಾತ್ರ ಬರ್ತಿಲ್ಲ. ಸಿಳ್ಳೆ ಅದರ ಪಾಡಿಗೆ ಅದು ಇದೆ" ಎಂದ. ಜೇಬಿನಲ್ಲಿದ್ದ ಯಂತ್ರವನ್ನು ತಟ್ಟಿ, "ಆಗ ಇದ್ದ ಕಿವಿ ಈಗಿಲ್ಲ, ಬಿಡು" ಎಂದ.

ಸಿಳ್ಳೆಯನ್ನು ಮುಚ್ಚಬೇಕಾದರೆ ಗಾಳಿ ಮೊದಲು ಕೇಳಿಸಬೇಕಲ್ಲ. ಅಷ್ಟು ಸರಳ ಸಂಗತಿ ನನಗೆ ಹೊಳೆದಿರಲಿಲ್ಲ. ಅವನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ. "ನಿನಗೆ ಇದೇ ಬೇಕು ಅಂತ ಅವತ್ತೇ ಯಾಕೆ ಹೇಳಲಿಲ್ಲ ಅಣ್ಣಾ?"

ಅವನು ನನ್ನ ಕಡೆ ಆಶ್ಚರ್ಯದಿಂದ ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ.

"ಹೇಳಿದ್ನಲ್ಲೋ" ಎಂದ. "ಅರ್ಧ ಗಂಟೆ ಅದನ್ನೇ ಹೇಳಿದ್ನಲ್ಲ."

ನಾನು ಸ್ಟೀರಿಂಗ್ ಹಿಡಿದು ಎದುರಿನ ರಸ್ತೆ ನೋಡುತ್ತಾ ಕೂತೆ. ಎಷ್ಟೋ ಹೊತ್ತಿನ ಮೇಲೆ, ಅವನ ಕಡೆ ತಿರುಗುವ ಧೈರ್ಯವಿಲ್ಲದೆ, ಹಾಗೇ ಹೇಳಿದೆ. "ಅಣ್ಣಾ, ನನ್ನ ಬೆರಳಿಗೆ ಯಾವತ್ತೂ ಏನೂ ಆಗಿರಲಿಲ್ಲ."

ನನ್ನ ತುಟಿ ಅಲುಗಿದ್ದು ಮಾತ್ರ ಅವನಿಗೆ ಕಂಡಿರಬೇಕು. ಕೈಯನ್ನು ಕಿವಿಗೆ ಬಟ್ಟಲು ಮಾಡಿ ನನ್ನ ಕಡೆ ಬಗ್ಗಿದ. "ಏನಂದೆ?"

"ಹೊರಡೋಣವಾ ಅಂದೆ" ಎಂದು ಕೂಗಿ, ಗಾಡಿ ಚಾಲೂ ಮಾಡಿದೆ.